ನಿಮಿಷ ತಪ್ಪದ ಮೇಷ್ಟ್ರು

ಭೇರ್ಯದಲ್ಲಿ ನಮ್ಮ ಪಕ್ಕದ ಮನೆಯ ಗಣಿತದ ಮೇಷ್ಟ್ರು ವಾಚು ಕಟ್ಟುತ್ತಿರಲಿಲ್ಲ. ಗಂಟೆ ಕೇಳಿದರೆ ಜೇಬಿನಿಂದ ಗ್ರಾಫ್ ಬಿಡಿಸುವ ದೊಡ್ಡ ಕ್ಯಾಲ್ಕುಲೇಟರ್ ತೆಗೆದು, ಅದರೊಳಗಿನ ಗಡಿಯಾರ ಕಾಣುವವರೆಗೆ ಗುಂಡಿ ಒತ್ತುತ್ತಿದ್ದರು. "ನಿಮಿಷ ತಪ್ಪಲ್ಲ ಕಣಪ್ಪ" ಅನ್ನುವರು.

ನಮ್ಮವ್ವನ ಉಸಿರು ನಿಂತಾಗ ಗುಂಡಿ ಒತ್ತಿ ನೋಡಿದವರೂ ಅವರೇ. ಹಿಂದೆ ನಿಂತಿದ್ದ ನನಗೂ ಕಂಡಿತು: ಎರಡು ನಲವತ್ತೊಂದು. ಎರಡೂವರೆಗೇ ಕೆಟ್ಟ ನಕ್ಷತ್ರ ಶುರುವಾಗಿತ್ತು. ಅದರಲ್ಲಿ ಸಾವಾದರೆ ಆರು ತಿಂಗಳು ಮನೆಗೆ ಬೀಗ ಹಾಕಿ ಹೊರಗಿರಬೇಕು. ಒಳಕೋಣೆಯಲ್ಲಿ ನನ್ನ ಹೆಂಡತಿ, ಹತ್ತು ದಿನದ ಕೂಸು.

"ಎಷ್ಟೊತ್ಗೆ ಓಯ್ತು ಜೀವ?" ಪಂಚಾಂಗ ಹಿಡಿದು ಬಂದ ಅಯ್ನೋರು ಕೇಳಿದರು.

"ಎರಡು ಇಪ್ಪತ್ತಾರು. ನಿಮಿಷ ತಪ್ಪಲ್ಲ ಕಣ್ರೀ" ಎಂದು ಮೇಷ್ಟ್ರು ಕ್ಯಾಲ್ಕುಲೇಟರನ್ನು ಜೇಬಿಗೆ ಹಾಕಿಕೊಂಡರು.

ಎರಡು ವರ್ಷದ ಮೇಲೆ ಅವರ ಹೆಂಡತಿ ತೀರಿಕೊಂಡರು. ಆ ನಕ್ಷತ್ರ ಶುರುವಾಗಿ ನಾಲ್ಕೇ ನಿಮಿಷವಾಗಿತ್ತು. ಮೇಷ್ಟ್ರು ಕ್ಯಾಲ್ಕುಲೇಟರ್ ನೋಡಿ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು.

"ಒಂದೈದು ನಿಮಿಷ ಮುಂಚೆ ಅಂದಿದ್ರೆ ಏನಾಯ್ತಿತ್ತು ಮೇಷ್ಟ್ರೇ?" ಎಂದೆ.

"ನಮ್ಮನೇಲಿ ಕೂಸಿಲ್ವಲ್ಲಪ್ಪ" ಎಂದವರು ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ನನಗೆ ಕೊಟ್ಟು ಬಸ್ಸು ಹತ್ತಿದರು.

ಆರು ತಿಂಗಳು ಯಾವಾಗಲೋ ಕಳೆಯಿತು. ಬೀಗದ ಕೈ ಇನ್ನೂ ನಮ್ಮನೆ ಮೊಳೆಯಲ್ಲೇ ನೇತಾಡುತ್ತಿದೆ.