ರೋಮಿನ ರಾಣಿಯರಿಗೆ ಸ್ನಾನ

ವಾರಿಜಾ ಆಂಟಿ, ಅಂಕಲ್‌ಗೆ ಮರೆವು ಬಂದಿಲ್ಲ. ಆ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ರೂಮಿನೊಳಗಿಂದ ಕೂಗಿ ನಿಮ್ಮ ಕೈಲಿ ನಾಣ್ಯ ತೊಳೆಸಿದ್ದು ಅವರಲ್ಲ — ನಾನು.

ಸಿಂಗಾಪುರದ ಚೋವಾ ಚು ಕಾಂಗ್‌ನ ನಿಮ್ಮ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದಾಗ ನನಗೆ ಎಲ್ಲರ ಗಂಟಲೂ ನನ್ನದೇ ಅನ್ನುವ ಕೊಬ್ಬು. ಎಂಆರ್‌ಟಿ ರೈಲಿನ ಅನೌನ್ಸ್‌ಮೆಂಟ್ ಹೆಂಗಸು, ಪಕ್ಕದ ಮನೆಯವರು ‘ಆಗುತ್ತೆ’ ಅನ್ನಲು ಎಳೆಯುವ ‘ಕ್ಯಾನ್ ಲಾ’, ಉಡುಪಿಗೆ ಫೋನ್ ಮಾಡುವಾಗಿನ ನಿಮ್ಮ ಕಿರುಚಾಟ — ಯಾರ ದನಿಯನ್ನೂ ಅಣಕಿಸದೆ ಬಿಟ್ಟವನಲ್ಲ. ನನ್ನ ಸ್ವಂತ ದನಿಯೋ, ನೆಗಡಿಯಾದ ಮೇಕೆಯದು.

ಅಂಕಲ್ ಬಚ್ಚಲಲ್ಲಿದ್ದರು. ಅವರ ಮೇಜಿನ ಮೇಲೆ ಪ್ರಾಚೀನ ರೋಮಿನ ಬೆಳ್ಳಿ ನಾಣ್ಯಗಳು — ಒಂದು ಕಡೆ ರಾಣಿ, ಇನ್ನೊಂದು ಕಡೆ ದೇವತೆ. ಫೌಸ್ಟಿನಾ ರಾಣಿಯ ಆ ತುರುಬು, ನವಿಲಿನ ಪಕ್ಕ ನಿಂತ ಜೂನೋ ದೇವಿ... ಹಳೆಯ ಕಪ್ಪು ಛಾಯೆಯೇ ಇವುಗಳ ಜೀವ, ಉಜ್ಜಿದರೆ ಮುಗೀತು ಅಂತ ಅವರೇ ಹೇಳಿಕೊಟ್ಟಿದ್ದರು. ಗೊತ್ತಿತ್ತು, ಆಂಟಿ. ಗೊತ್ತಿದ್ದೂ —

ಅಡುಗೆಮನೆಯಲ್ಲಿ ನೀವು ಹಲ್ಲುಪುಡಿ ಹಾಕಿ ಬೆಳ್ಳಿ ದೀಪ ತಿಕ್ಕುತ್ತಿದ್ದಿರಿ. ನಾನು ಥೇಟ್ ಅಂಕಲ್ ಹಾಗೆ ಕೆಮ್ಮಿ ಕೂಗಿದೆ: “ವಾರಿಜಾ, ನನ್ನ ರಾಣಿಯರಿಗೂ ಒಂಚೂರು ಸ್ನಾನ ಮಾಡ್ಸು ಮಾರಾಯ್ತಿ!”

‘ನಿಮಗೆ ತಲೆ ಕೆಟ್ಟಿದೆಯಾ’ ಅನ್ನುತ್ತೀರಿ ಅಂದುಕೊಂಡು, ನಗುತ್ತಾ ಆಫೀಸಿಗೆ ಓಡಿದೆ. ಸಂಜೆ ಬಂದರೆ — ರಾಣಿಯರೆಲ್ಲ ಹೊಸ ಚಮಚದ ಹಾಗೆ ಫಳಫಳ, ದೇವರ ಮುಂದೆ ಸಾಲಾಗಿ, ಹಣೆಗೆ ಕುಂಕುಮ! ಫೌಸ್ಟಿನಾ ಥೇಟ್ ನಿಮ್ಮ ನಾದಿನಿಯಂತಿದ್ದಳು. ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ, ಕ್ಷಮಿಸಿ.

“ನಾನ್ಯಾವಾಗ ಹೇಳ್ದೆ?” ಅಂದರು ಅಂಕಲ್.

“ಕಿವಿಯಾರೆ ಕೇಳಿದೀನ್ರೀ!” ನೀವು ನನ್ನ ಕಡೆ ತಿರುಗಿದಿರಿ. “ನೀನೂ ಇದ್ಯಲ್ಲೋ, ಹೇಳು.”

“ಹೌದು ಅಂಕಲ್... ನೀವೇ ಹೇಳಿದ್ರಿ.”

ಅಲ್ಲಿಯವರೆಗೆ ತುಂಟಾಟ. ಇದು ಸುಳ್ಳುಸಾಕ್ಷಿ. ಅವರು ನನ್ನ ಮುಖವನ್ನೇ ನೋಡಿ, “ಹೇಳಿದ್ದೆನೇನೋ...” ಅಂದರು. ಹಾಳಾದ ನಾಣ್ಯಗಳಿಗಾಗಿ ಒಂದು ಮಾತೂ ಬೈಯಲಿಲ್ಲ.

ನಾನು ಸೆರಂಗೂನ್‌ಗೆ ಶಿಫ್ಟ್ ಆಗಿ ವರ್ಷಗಳಾದವು. ಅಂಕಲ್ ಮಾತ್ರ ಆ ದಿನದಿಂದ ಇವತ್ತಿನವರೆಗೂ ನಿಮ್ಮೆದುರು ಒಂದು ವಾದಕ್ಕೂ ನಿಲ್ಲುವುದಿಲ್ಲ. ಗ್ಯಾಸ್ ಆಫ್ ಮಾಡಿದೆನಾ ಅಂತ ಕೂಡ ನಿಮ್ಮನ್ನೇ ಕೇಳುತ್ತಾರೆ. ಮೊನ್ನೆ ನೀವು, “ಮರೆವಿನ ಡಾಕ್ಟರ್ ಹತ್ರ ಬುಕ್ ಮಾಡಿದೀನಿ ಕಣೋ, ಆ ನಾಣ್ಯದ ದಿನವೇ ನನಗೆ ಡೌಟ್ ಬಂದಿತ್ತು” ಅಂದಾಗ — ಫೋನ್ ಇಟ್ಟವನೇ ಈ ಕಾಗದ ಬರೆಯಲು ಕೂತೆ.

ಕ್ಯಾನ್ಸಲ್ ಮಾಡಿ, ಆಂಟಿ. ಅಂಕಲ್‌ಗೆ ಇದನ್ನು ಓದಿ ಹೇಳಬೇಡಿ. ಭಾನುವಾರ ಬಂದು ಎದುರು ನಿಂತು ನಾನೇ ಹೇಳುತ್ತೇನೆ. ಎಷ್ಟು ಬೈಯುತ್ತಾರೋ ಬೈಯಲಿ. ಆಮೇಲೆ ನೀವು ಸಾರಿನ ಉಪ್ಪಿಗೋ, ಪರದೆಯ ಬಣ್ಣಕ್ಕೋ ಒಂದು ಜಗಳ ತೆಗೆಯಿರಿ. ಅವರು ಮೇಜು ಕುಟ್ಟಿ, “ಇಲ್ಲ! ನಾನು ಹಾಗೆ ಹೇಳೇ ಇಲ್ಲ!” ಅನ್ನುವವರೆಗೆ ನಾನು ಮನೆಗೆ ಹೋಗುವುದಿಲ್ಲ.