ರಾಜನ ಹೆಗಲಿಗೆ ನಮ್ಮ ಅಂಚು

ಕಾಮಿಕ್ಸ್ ಪುಸ್ತಕಗಳ ಪ್ರಾಚೀನ ಕಾಲದಲ್ಲಿ ಧೂಳೇ ಇಲ್ಲ. ಇದು ನನ್ನ ಹಳೆಯ ತಕರಾರು. ರಥ ಓಡುತ್ತವೆ, ಆನೆ ಓಡುತ್ತವೆ, ಯಾರ ಕಾಲಿಗೂ ಮಣ್ಣು ಹತ್ತುವುದಿಲ್ಲ. ರಾಜನಂತೂ ಆಗತಾನೆ ಸ್ನಾನ ಮಾಡಿ ಬಂದವನ ಹಾಗೆ ಬೆಳ್ಳಗೆ ಹೊಳೆಯುತ್ತಾನೆ. ನಾರಾಯಣಪೇಟೆಯ ಬಿಸಿಲು ಉಂಡವಳು ನಾನು; ಇಷ್ಟು ಬೆಳ್ಳಗಿರುವ ಪುಣ್ಯಾತ್ಮ ಯುದ್ಧಕ್ಕೆ ಹೋದದ್ದಾದರೂ ಯಾವಾಗ ಎಂದು ಅನುಮಾನ. ಕಪ್ಪು ಮೈಯವರು, ದಪ್ಪ ಮೀಸೆಯವರು, ಗುಂಗುರು ಕೂದಲಿನವರು ಎಲ್ಲರೂ ರಾಕ್ಷಸರ ಪಾಳೆಯದಲ್ಲಿ. ನಮ್ಮ ಓಣಿಯ ನೇಕಾರ ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ಅದೇ ಪಾಳೆಯ.

ಆದರೂ ಆ ಪುಸ್ತಕಗಳೆಂದರೆ ನನಗೆ ಪ್ರಾಣ. ತಂದುಕೊಡುತ್ತಿದ್ದವನು ಸೋದರಮಾವ, ಅವ್ವನ ತಮ್ಮ. ಗದ್ವಾಲದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು ಆಮೇಲೆ ಹೈದರಾಬಾದಿನ ಯಾರಿಗೋ ತೆಲುಗು ಕಾಮಿಕ್ಸಿನ ಚಿತ್ರ ಬಿಡಿಸತೊಡಗಿದ. ನನ್ನ ಕಾಲೇಜು ಮುಗಿದ ವರ್ಷ ಮನೆಗೆ ಬಂದು, ಪುಂಡಿಪಲ್ಲೆ ರೊಟ್ಟಿ ಉಂಡು, ಮಗ್ಗದಲ್ಲಿದ್ದ ಅಪ್ಪನ ಮುಖವನ್ನೇ ನೋಡುತ್ತ ಕೂತ.

"ಭಾವಾ, ಹಳೇ ಕಾಲದ ರಾಜನ ಕಥಿಗೆ ಚಿತ್ರ ಬರಿಯಾಕತ್ತೀನಿ. ನಿಮ್ಮನ್ನ ರಾಜನ್ನ ಮಾಡ್ತೀನ್ರಿ."

ಅಪ್ಪ ನಕ್ಕ. "ನನ್ನಂಥ ಕರ್ರಗಿನ ರಾಜ ಎಲ್ಲಿದ್ದನೋ?"

"ಈ ಬಿಸಲಾಗ ರಾಜ್ಯ ಆಳಿದವ್ರು ಬೆಳ್ಳಗ ಇದ್ರೇನ್ರಿ?"

ಅದು ನನ್ನದೇ ಮಾತು. ಅವನ ಬಾಯಲ್ಲಿ ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು.

ಸೀರೆಯ ಸೆರಗು ನೇಯಲು ಕೂತ ಮೇಲೆ ಅದು ಮುಗಿಯುವ ತನಕ ಅಪ್ಪ ಮಗ್ಗ ಬಿಡುವವನಲ್ಲ. ಅಂದು ಮಾತ್ರ ಬಿಟ್ಟ. ಮಗ್ಗದ ಕುಣಿಯಿಂದ ಎದ್ದು ಬಂದು, ಮುಖ ತೊಳೆದು, ಮೀಸೆ ತೀಡಿ ನಿಂತ. ಸಾಹುಕಾರನಿಗೆ ಒಯ್ಯಬೇಕಿದ್ದ ಹೊಸ ಸೀರೆಯ ಮಡಿಕೆ ಬಿಚ್ಚಿ ಅವ್ವ ಅವನ ಹೆಗಲಿಗೆ ಹೊದಿಸಿದಳು. ಟವೆಲ್ಲೇ ಕಿರೀಟ, ಒನಕೆಯೇ ಗದೆ. ಮಾವ ಮೊಬೈಲಿನಲ್ಲಿ ಫೋಟೋ ತೆಗೆದದ್ದೇ ತೆಗೆದದ್ದು.

"ಸಿಟ್ಟು ಮಾಡ್ರಿ. ಹಲ್ಲು ಕಡೀರಿ. ಹಾಂ, ಈಗ ನೆಲಕ್ಕ ಬಿದ್ದಂಗ ಮಾಡ್ರಿ."

"ರಾಜ ಯಾಕ ಬೀಳ್ತಾನೋ?"

"ಯುದ್ಧದಾಗ ಎಲ್ರೂ ಬೀಳ್ತಾರ ಭಾವಾ. ಆಮ್ಯಾಲ ಏಳ್ತಾನ."

ಅಪ್ಪ ನಂಬಿ ನೆಲದ ಮೇಲೆ ಅಂಗಾತ ಬಿದ್ದ. ಅವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು. ಮರುದಿನ ಇಡೀ ಓಣಿಗೆ ಸುದ್ದಿ. ಚಹಾದಂಗಡಿಯವನು ಅಪ್ಪನನ್ನು "ಮಹಾರಾಜ್, ಪಧಾರಿಯೇ" ಎಂದು ಕರೆಯತೊಡಗಿದ. ಬೇಡ ಬೇಡ ಎನ್ನುತ್ತಲೇ ಅಪ್ಪ ಎದೆ ಸೆಟೆಸಿ ಕೂರುತ್ತಿದ್ದ.

ಪುಸ್ತಕ ಅಂಚೆಯಲ್ಲಿ ಬಂದ ದಿನ ಸೀರೆ ಕೊಡಲು ಸಾಹುಕಾರನ ಅಂಗಡಿಗೆ ಹೊರಟಿದ್ದೆವು. ಅಪ್ಪ ಲಕೋಟೆ ಒಡೆಯಲಿಲ್ಲ. ನಾಲ್ಕು ಜನರ ಮುಂದೆ ಒಡೆಯುವ ಆಸೆ. ಅಂಗಡಿಯ ಗಾದಿಯ ಮೇಲೆ ಸಾಹುಕಾರನೇ ಲಕೋಟೆ ಒಡೆದು ಪುಟ ತೆರೆದ.

"ಅರೇ, ಈ ಅಂಚು ನಿಂದಲ್ಲೇನು!"

ನಮ್ಮದೇ. ಅಪ್ಪ ಅಂಚಿನಲ್ಲಿ ನೇಯುವ ಗುಡಿಗೋಪುರದ ಮೆಟ್ಟಿಲು ಒಂದೂ ತಪ್ಪದ ಹಾಗೆ ಮಾವ ಬಿಡಿಸಿದ್ದ. ಅದನ್ನು ಹೆಗಲಿಗೆ ಹಾಕಿಕೊಂಡವನು ಮಾತ್ರ ಯಾರೋ ಬೆಣ್ಣೆಬಣ್ಣದ ಹುಡುಗ. ಮುಂದಿನ ಪುಟದಲ್ಲಿ ಆ ಹುಡುಗನ ಕಾಲ ಕೆಳಗೆ ಅಂಗಾತ ಬಿದ್ದಿದ್ದ ಅಪ್ಪ. ಅದೇ ಮೀಸೆ, ಹುಬ್ಬಿನ ಮೇಲಿನ ಅದೇ ಗಾಯದ ಕಲೆ. ತಲೆಯ ಮೇಲೆ ಎರಡು ಕೊಂಬು.

ಅಂಗಡಿ ನಕ್ಕಿತು. ಸಾಹುಕಾರ ಕಣ್ಣೊರೆಸಿಕೊಂಡು ನಕ್ಕ. ಅಪ್ಪನೂ ನಕ್ಕು, ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡ. ಮನೆಗೆ ಬಂದವನೇ ಮಗ್ಗಕ್ಕೆ ಇಳಿದ.

ನನಗೆ ತಡೆಯಲಾಗಲಿಲ್ಲ. ಬಸ್ಸು ಹತ್ತಿ ಗದ್ವಾಲಕ್ಕೆ, ಮಾವನ ಮನೆಗೆ ಹೋದೆ.

"ಕರ್ರಗಿನ ರಾಜನ್ನ ಯಾರು ಒಪ್ತಾರವ್ವಾ?" ಎಂದ ಮಾವ. "ಹೈದರಾಬಾದಿನವ್ರು ಮೊದಲ ಹೇಳಿದ್ರು."

"ಮೊದಲ? ಅಪ್ಪನ್ನ ನೆಲಕ್ಕ ಬೀಳಿಸಿದಾಗನ ನಿನಗ ಗೊತ್ತಿತ್ತೇನು?"

ಮಾವ ಚಹಾದ ಲೋಟ ನನ್ನ ಮುಂದೆ ಸರಿಸಿದ.

"ರಾಕ್ಷಸನ್ನ ನಿನ್ನ ಮನಸ್ಸಿಗೆ ಬಂದಂಗ ಬರೀಬೇಕಿತ್ತು. ಅಪ್ಪನ ಮುಖ ಯಾಕ ಬೇಕಿತ್ತು ಮಾಮಾ?"

"ಅಂಥಾ ಮುಖ ಎಲ್ಲಿ ಸಿಗ್ತೈತಿ? ಬಿಡಾಕ ಮನಸ್ಸಾಗಲಿಲ್ಲ."

ಹೊಗಳಿಕೆ ಎಂದೇ ಹೇಳಿದ. ಉಂಡ ಮನೆಯ ಗಳ ಎಣಿಸುವವರ ಬಗ್ಗೆ ಕೇಳಿದ್ದೆ. ಅಂದು ಕಣ್ಣಾರೆ ಕಂಡೆ. ಅವನು ಕೊಟ್ಟ ಚಹಾ ಮುಟ್ಟದೆ ಎದ್ದು ಬಂದೆ. ಆ ದ್ರೋಹದ ಉರಿ ಇವತ್ತಿಗೂ ನನ್ನಲ್ಲಿ ಆರಿಲ್ಲ.

ಎರಡು ವರ್ಷಕ್ಕೆ ಮಕ್ತಲದಲ್ಲಿ ನನ್ನ ಮದುವೆ. ನಮ್ಮಲ್ಲಿ ಮದುಮಗಳನ್ನು ಬುಟ್ಟಿಯಲ್ಲಿ ಕೂಡಿಸಿ ಮಂಟಪಕ್ಕೆ ತರುವವನು ಸೋದರಮಾವ. ಅವನು ಬೇಡವೆಂದು ಹಟ ಹಿಡಿದೆ. ನನಗೆ ಹೇಳದೆ ಅಪ್ಪನೇ ಗದ್ವಾಲಕ್ಕೆ ಹೋಗಿ, ಕುಂಕುಮ ಹಚ್ಚಿ ಕರೆದು ಬಂದ.

"ನಿನಗ ಅಷ್ಟು ಮಾಡಿದವನ್ನ ಕರಿಯಾಕ ಹೋದಿಯೇನಪ್ಪಾ?"

"ಸೋದರಮಾವ ಇಲ್ಲದ ಮದುವಿ ಆಗ್ತೈತೇನವ್ವಾ? ಅವ ಬರ್ದದ್ದು ಸುಳ್ಳೇನಲ್ಲ ಬಿಡು."

ಮಾವ ಬಂದ, ಬುಟ್ಟಿ ಹಿಡಿದ. ನಾನು ಅವನ ಮುಖ ನೋಡಲಿಲ್ಲ. ತಾಳಿ ಕಟ್ಟಿದ ಮೇಲೆ ಫೋಟೋದವನು ಮನೆಯವರನ್ನೆಲ್ಲ ಮಂಟಪಕ್ಕೆ ಕರೆದ. ಅವ್ವ ಬಂದಳು, ಮಾವ ಬಂದು ಅವಳ ಪಕ್ಕ ನಿಂತ. ಅಪ್ಪ ಊಟದ ಪಂಕ್ತಿಯ ಹತ್ತಿರ ಕಂಬದ ಮರೆಯಲ್ಲಿದ್ದ.

"ಹೆಣ್ಣಿನ ಅಪ್ಪಾರು, ಬರ್ರಿ!"

"ನಾ ಬ್ಯಾಡ್ರಿ," ಎಂದ ಅಪ್ಪ. ಹೆಗಲ ಮೇಲಿನ ಟವೆಲ್ಲಿನಿಂದ ಮುಖದ ಬೆವರು ಒರೆಸಿಕೊಂಡ. "ಮಗಳ ಫೋಟೋ ಚಲೋ ಬರ್ಲಿ."

ನಾನೇ ಅಳುತ್ತ ಕೂಗಿದೆ. ಎಷ್ಟು ಕರೆದರೂ ಬರಲಿಲ್ಲ.