ಎರಡನೇ ಸಾಲಿನ ಮೂರನೇ ಮುಖ

ಅಣ್ಣಿಗೇರಿಯ ಬಸ್ ನಿಲ್ದಾಣದ ಹತ್ತಿರ, ರಸ್ತೆಯ ಆಚೆ ಬದಿಗೆ ರಹಿಮಾನಸಾಬರ ಅಂಗಡಿ ಇದೆ. ಒಂದು ಕಂಪ್ಯೂಟರ್, ಎರಡು ಕುರ್ಚಿ, ಗೋಡೆಗೆ ಒರಗಿಸಿದ ನಿಚ್ಚಣಿಕೆ, ಮೂಲೆಯಲ್ಲಿ ಕಟ್ಟಿಗೆ ಪಟ್ಟಿಗಳ ಒಂದು ಕಟ್ಟು. ಅಷ್ಟೇ. ಹುಟ್ಟುಹಬ್ಬ, ಮದುವೆ, ಚುನಾವಣೆ, ತೀರಿಕೊಂಡವರಿಗೆ ಶ್ರದ್ಧಾಂಜಲಿ, ಊರಿನ ಎಲ್ಲ ಫ್ಲೆಕ್ಸ್‌ಗಳೂ ಇಲ್ಲಿಯೇ ತಯಾರಾಗುತ್ತವೆ. ಮುದ್ರಣ ಮಾತ್ರ ಹುಬ್ಬಳ್ಳಿಯಲ್ಲಿ. ಮುಂಜಾನೆ ಫೈಲ್ ಕಳಿಸಿದರೆ ಸಂಜೆಯ ಬಸ್ಸಿಗೆ ಸುರುಳಿ ಬರುತ್ತದೆ. ಅದನ್ನು ಚೌಕಟ್ಟಿಗೆ ಮೊಳೆ ಹೊಡೆದು ಕೊಡುವವರೂ ಅವರೇ.

ನಮ್ಮ ಮನೆ ಅವರ ಅಂಗಡಿಯ ಎದುರಿಗೇ ಇದೆ. ಆದ್ದರಿಂದ ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ನಾನೇ ನೋಡಿದ್ದು. ನೋಡದೆ ಇದ್ದುದನ್ನು ಯಾರು ಹೇಳಿದರು ಎಂದು ಅಲ್ಲಲ್ಲಿಯೇ ಬರೆದಿದ್ದೇನೆ. ನಂದಾ ಎನ್ನುವುದು ಮುಂದೆ ಬರುವ ಹುಡುಗಿಯ ನಿಜವಾದ ಹೆಸರಲ್ಲ. ಅವಳನ್ನು ಕೇಳಿ ಈ ಹೆಸರು ಇಟ್ಟಿದ್ದೇನೆ. ಅವಳ ತಂದೆಯ ಹೆಸರನ್ನೂ, ಕಬಡ್ಡಿ ಆಟಗಾರನೊಬ್ಬನ ಹೆಸರನ್ನೂ ಬದಲಿಸಿದ್ದೇನೆ.

ರಹಿಮಾನಸಾಬರಿಗೆ ಈಗ ಐವತ್ತೆಂಟು ವರ್ಷ. ಫ್ಲೆಕ್ಸ್ ಬರುವ ಮೊದಲು ಅವರು ಬೋರ್ಡು ಬರೆಯುತ್ತಿದ್ದರು. ಕಿರಾಣಿ ಅಂಗಡಿಯ ಹೆಸರು, ಟ್ರ್ಯಾಕ್ಟರಿನ ಹಿಂದೆ ದೇವರ ಹೆಸರು, ಶಾಲೆಯ ಗೋಡೆಯ ಮೇಲೆ ಭೂಪಟ, ಎಲ್ಲವನ್ನೂ ಕುಂಚದಿಂದ ಬರೆದವರು. ಆಗಿನ ಒಂದು ರೂಢಿಯನ್ನು ಅವರು ಈಗಲೂ ಬಿಟ್ಟಿಲ್ಲ. ಫೈಲ್ ಕಳಿಸುವ ಮೊದಲು ಗಿರಾಕಿಯನ್ನು ಬಾಜೂಕ್ಕೆ ಕೂಡಿಸಿಕೊಂಡು, ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಹೆಸರನ್ನು ಜೋರಾಗಿ ಓದುತ್ತಾರೆ. ಫ್ಲೆಕ್ಸಿನ ಕೆಳಗೆ ಶುಭ ಕೋರುವವರ ಮುಖಗಳ ಸಾಲು ಇರುತ್ತದಲ್ಲ, ಜಗಳವೆಲ್ಲ ಅಲ್ಲಿಯೇ ಹುಟ್ಟುವುದು.

"ಕಾಕಾ, ನನ್ನ ಮುಖಾ ಸಣ್ಣದಾತು ನೋಡ್ರಿ."

"ನಿನ್ನ ಮುಖಾ ಇರೋದ ಅಷ್ಟ ಐತಿ, ನಾ ಏನ ಮಾಡ್ಲಿ? ಹಿಗ್ಗಿಸಿದ್ರ ನಿಮ್ಮವ್ವನೂ ಗುರ್ತ ಹಿಡ್ಯಂಗಿಲ್ಲ."

ಹೀಗೆ ನಗಿಸಿ ಕಳಿಸುತ್ತಾರೆ. ಆದರೆ ತಮ್ಮನ ಮುಖ ಅಣ್ಣನ ಮುಖಕ್ಕಿಂತ ದೊಡ್ಡದಾಗದಂತೆ ಅಳತೆ ಹಚ್ಚಿ ನೋಡುತ್ತಾರೆ. ಇಷ್ಟು ವರ್ಷಗಳಲ್ಲಿ ಅವರ ಫ್ಲೆಕ್ಸಿನಿಂದ ಯಾರ ಮನೆಯಲ್ಲಿಯೂ ಮನಸ್ತಾಪ ಆದದ್ದನ್ನು ನಾನು ಕೇಳಿರಲಿಲ್ಲ.

ಹೋದ ವರ್ಷ ನಮ್ಮ ಊರಿನ ಗೌರೀಶ ಟೀವಿಯಲ್ಲಿ ಬರುವ ದೊಡ್ಡ ಕಬಡ್ಡಿ ಲೀಗಿಗೆ ಆಯ್ಕೆಯಾದ. ಅವನು ರೇಡಿಗೆ ಹೋದರೆ ಚಹಾದ ಅಂಗಡಿಯಲ್ಲಿ ಮಂದಿ ಬಟ್ಟಲು ಕೈಯಲ್ಲಿ ಹಿಡಿದೇ ನಿಲ್ಲುತ್ತಿದ್ದರು. ಅವನು ಊರಿಗೆ ಬಂದಾಗ ಇಪ್ಪತ್ತು ಅಡಿಯ ಫ್ಲೆಕ್ಸ್ ಕಟ್ಟಿದರು. ಕೆಳಗೆ ಎರಡು ಸಾಲಿನಲ್ಲಿ ಇಪ್ಪತ್ತನಾಲ್ಕು ಮುಖಗಳು. ಎರಡನೇ ಸಾಲಿನಲ್ಲಿ ಮೂರನೆಯದು ಮಡಿವಾಳೆಪ್ಪನದು. ಮಡಿವಾಳೆಪ್ಪ ಧಾನ್ಯದ ಪೇಟೆಯಲ್ಲಿ ಹಮಾಲಿ ಮಾಡುವವನು. ಅವನ ಮಗಳು ನಂದಾ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದಳು. ಗೌರೀಶನ ತರಬೇತಿ ಶಿಬಿರಕ್ಕೆ ಅವಳಿಗೆ ಆಗಷ್ಟೇ ಕರೆ ಬಂದಿತ್ತು. ಆ ಸಂತೋಷದಲ್ಲಿ ಮಡಿವಾಳೆಪ್ಪ ಸ್ಟುಡಿಯೋಕ್ಕೆ ಹೋಗಿ ಹೊಸ ಫೋಟೋ ತೆಗೆಸಿಕೊಂಡು ಬಂದು, ಅದನ್ನು ಎರಡೂ ಕೈಯಲ್ಲಿ ಹಿಡಿದು ರಹಿಮಾನಸಾಬರಿಗೆ ಕೊಟ್ಟಿದ್ದ.

ಈ ವರ್ಷ ಜೂನ್ ತಿಂಗಳಲ್ಲಿ ನಂದಾ ಪೊಲೀಸ್ ಠಾಣೆಗೆ ಹೋಗಿ ಗೌರೀಶನ ಮೇಲೆ ದೂರು ಕೊಟ್ಟಳು. ಎರಡು ತಿಂಗಳ ಹಿಂದೆ ಶಿಬಿರದಲ್ಲಿ ಮೊಣಕಾಲಿನ ನೋವು ನೋಡುತ್ತೇನೆ ಎಂದು ಕೋಣೆಗೆ ಕರೆದು ಕೆಟ್ಟ ರೀತಿಯಲ್ಲಿ ಮುಟ್ಟಿದ, ಬಿಡಿಸಿಕೊಂಡು ಹೊರಗೆ ಬಂದಾಗ ತಂಡದಿಂದ ಹೆಸರು ತೆಗೆಸುತ್ತೇನೆ ಎಂದ, ಎಂಬುದು ಅವಳ ದೂರು. ಅವಳಿಗೆ ಆಗ ಇಪ್ಪತ್ತು ವರ್ಷ. ಕೋರ್ಟು ಇನ್ನೂ ಏನೂ ಹೇಳಿಲ್ಲ. ಆದ್ದರಿಂದ ಗೌರೀಶನ ಬಗ್ಗೆ ನಾನೂ ಹೆಚ್ಚು ಬರೆಯುವುದಿಲ್ಲ.

ಆದರೆ ಊರು ಕೋರ್ಟಿಗಾಗಿ ಕಾಯಲಿಲ್ಲ. ಒಂದೇ ದಿನದಲ್ಲಿ ಎಲ್ಲರ ಮೊಬೈಲ್ ಸ್ಟೇಟಸ್ಸಿನಲ್ಲಿ ಗೌರೀಶನ ಫೋಟೋ ಬಂತು. "ಅಂಥಾ ದೊಡ್ಡ ಆಟಗಾರ, ಅವಗ ಹುಡುಗ್ಯಾರ ಕಡಿಮಿ ಏನ?" ಎಂದು ಒಬ್ಬರು. "ಎರಡ ತಿಂಗಳ ಸುಮ್ಮನಿದ್ದು ಈಗ್ಯಾಕ ನೆನಪಾತು?" ಎಂದು ಇನ್ನೊಬ್ಬರು. ನಲ್ಲಿಯ ಹತ್ತಿರ ಹೆಂಗಸರೂ ಅದನ್ನೇ ಅಂದರು. ಹಿರಿಯರು ಮೂರು ದಿನ ಮಡಿವಾಳೆಪ್ಪನ ಮನೆಗೆ ಹೋಗಿ ರಾಜಿ ಮಾಡಿಕೋ ಎಂದರು. ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅವನು ಮೊದಲಿನಿಂದಲೂ ಕಡಿಮೆ ಮಾತಿನ ಮನುಷ್ಯ.

ಗೌರೀಶನ ಅಭಿಮಾನಿ ಬಳಗಕ್ಕೆ ಸಿದ್ಧಲಿಂಗ ಎಂಬವನು ಮುಖಂಡ. ಬುಧವಾರ ಮುಂಜಾನೆ ಅವನು ರಹಿಮಾನಸಾಬರ ಅಂಗಡಿಗೆ ಬಂದ.

"ಕಾಕಾ, ಅರ್ಜೆಂಟ್ ಐತಿ. ಹೋದ ವರ್ಷದ ಫೈಲ್ ತಗೀರಿ. ಮ್ಯಾಲೆ 'ಹಾರ್ದಿಕ ಸ್ವಾಗತ' ತಗದು 'ಗೌರೀಶ, ನಿನ್ನ ಜೊತೆ ನಾವಿದ್ದೇವೆ' ಅಂತ ಹಾಕ್ರಿ. ಉಳಿದದ್ದು ಹಂಗ ಇರ್ಲಿ."

"ಹೆಸರ ಓದೂಣು, ಕೂಡು."

"ಹೋದ ವರ್ಷ ಓದೀವಲ್ರಿ! ಹುಬ್ಬಳ್ಳಿ ಪ್ರೆಸ್ಸಿನವ ಹತ್ತಕ್ಕ ಫೈಲ್ ಕೇಳ್ಯಾನ."

ಆ ದಿನ ರಹಿಮಾನಸಾಬರು ಓದಲಿಲ್ಲ. ಮೇಲಿನ ಸಾಲು ಬದಲಿಸಿ ಕಳಿಸಿಬಿಟ್ಟರು. ಸಂಜೆ ಸುರುಳಿ ಬಂತು. ಚೌಕಟ್ಟಿಗೆ ಹೊಡೆದು ಕೊಟ್ಟರು. ಹುಡುಗರು ಅದನ್ನು ಹೊತ್ತುಕೊಂಡು ಹೋಗಿ ನಿಲ್ದಾಣದ ಬಾಗಿಲಿನ ಮೇಲೆ ಕಟ್ಟಿದರು.

ಮರುದಿನ ಹನ್ನೊಂದು ಗಂಟೆಗೆ ನಂದಾ ನವಲಗುಂದದ ಕೋರ್ಟಿನಲ್ಲಿ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಡಬೇಕಾಗಿತ್ತು. ತಂದೆ ಪೇಟೆಗೆ ಹೋಗಿ ರಜೆ ಕೇಳಿ ನೇರವಾಗಿ ನಿಲ್ದಾಣಕ್ಕೆ ಬರುವುದೆಂದು ಮಾತಾಗಿತ್ತು. ಎಂಟೂವರೆಗೆ ಅವಳು ಒಬ್ಬಳೇ ಬಂದಳು. ಬಾಗಿಲಿನ ಕೆಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿದಳು. ಆಮೇಲೆ ರಸ್ತೆ ದಾಟಿ ರಹಿಮಾನಸಾಬರ ಅಂಗಡಿಗೆ ಬಂದಳು. ನಾನು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದೆ, ಮಾತು ಕೇಳಿಸುತ್ತಿತ್ತು.

"ಕಾಕಾ, ನಮ್ಮಪ್ಪ ನಿಮ್ಮಲ್ಲಿ ಯಾವಾಗ ಬಂದಿದ್ದ?"

"ನಿಮ್ಮಪ್ಪ? ಬಂದಿಲ್ಲಲ್ಲವ್ವಾ."

"ಬರದನ ಅವನ ಮುಖಾ ಅಲ್ಲಿ ಹೆಂಗ ಬಂತು?"

ರಹಿಮಾನಸಾಬರು ಹೊರಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಅಲ್ಲಿಂದಲೇ ಕಂಡಿತು. 'ನಿನ್ನ ಜೊತೆ ನಾವಿದ್ದೇವೆ' ಎನ್ನುವುದರ ಕೆಳಗೆ, ಎರಡನೇ ಸಾಲಿನಲ್ಲಿ, ಮಡಿವಾಳೆಪ್ಪ ಹೊಸ ಅಂಗಿ ಹಾಕಿಕೊಂಡು ನಗುತ್ತಿದ್ದ.

"ಅದು ಹೋದ ವರ್ಷದ್ದವ್ವಾ," ಎಂದರು. ಅವರ ದನಿ ಸಣ್ಣದಾಗಿತ್ತು. "ಅವಾ ಕೊಟ್ಟಿಲ್ಲ. ನಾ ಓದದ ಬಿಟ್ಟೆ."

"ನೀವು ನನಗ ಹೇಳಿದ್ರಿ. ಊರಿಗೆ ಯಾರ ಹೇಳತಾರ? ಮೂರ ದಿನ ಆತು, ಅಪ್ಪ ಇದರ ಬಗ್ಗೆ ಒಂದ ಮಾತಾಡಿಲ್ಲ. ಅಂವನ ಆ ಕಡೆ ಅದಾನ ಅಂತಂದ್ರ ನಾ ಹೋಗಿ ಯಾರ ಸಲುವಾಗಿ ಹೇಳ್ಲಿ? ನಾ ಮನಿಗಿ ಹೊಕ್ಕೀನಿ ಕಾಕಾ."

"ಒಂಬತ್ತೂವರಿ ಬಸ್ಸಿಗೆ ಇನ್ನ ಹೊತ್ತೈತಿ. ಈ ಕುರ್ಚಿ ಮ್ಯಾಲ ಕೂಡು. ಬಸ್ ಬರೂತನಕ ಅಷ್ಟ ಕೂಡು."

ಅಷ್ಟು ಹೇಳಿ ಅವರು ನಿಚ್ಚಣಿಕೆ ಹೆಗಲಿಗೆ ಹಾಕಿಕೊಂಡು, ಮೊಳೆ ಕೀಳುವ ಸುತ್ತಿಗೆ ಹಿಡಿದು ನಿಲ್ದಾಣದ ಕಡೆಗೆ ನಡೆದರು. ನಾನೂ ಹಿಂದೆ ಹೋದೆ. ಚಹಾದ ಅಂಗಡಿಯಲ್ಲಿ ಸಿದ್ಧಲಿಂಗ ಮತ್ತು ಅವನ ಗೆಳೆಯರಿದ್ದರು.

"ಏನ್ರಿ ಕಾಕಾ, ಮೊಳಿ ಸಡ್ಲ ಆಗ್ಯಾವೇನ?"

"ಮೊಳಿ ಗಟ್ಟಿ ಅದಾವು. ಇದನ್ನ ಇಳಸ್ತೀನಿ."

"ಯಾರ್ನ ಕೇಳಿ?"

"ನಾನೂ ಅದನ್ನ ಕೇಳಾಕ ಬಂದೇನಿ. ಇದ್ರಾಗ ಇಪ್ಪತ್ನಾಕ ಮಂದಿ ಅದಾರ. ಯಾರ್ನ ಕೇಳಿ ಹಾಕಿಸಿದಿ?"

"ಅಯ್ಯ, ಮುಖಾ ಹಾಕಾಕ ಯಾರರೆ ಕೇಳತಾರೇನ್ರಿ? ಹಾಕಲಿಲ್ಲಂದ್ರ ಸಿಟ್ಟಾಗತಾರ!"

ಮಂದಿ ನಕ್ಕರು. ರಹಿಮಾನಸಾಬರು ನಗಲಿಲ್ಲ. "ಮಡಿವಾಳೆಪ್ಪನ್ನ ಕೇಳಿದ್ಯಾ?" ಎಂದರು.

ಸಿದ್ಧಲಿಂಗ ಮೇಲೆ ನೋಡಿದ. ಅವನೂ ಗಮನಿಸಿರಲಿಲ್ಲ ಎಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. "ಅದೇನ ದೊಡ್ಡದ್ರಿ," ಎಂದ. "ಅದರ ಮ್ಯಾಲ ಒಂದ ಬಿಳಿ ಹಾಳಿ ಹಚ್ಚಿ ಬಿಡ್ರಿ."

"ಹಾಳಿ ಹಚ್ಚಿದ್ರ, ಕೆಳಗ ಯಾರದಾರಂತ ಹರದ ನೋಡತಾರ. ನಿಮ್ಮ ರೊಕ್ಕಾ ನಿಮಗ ತಿರುಗಿ ಕೊಡತೀನಿ. ಬಾಜೂ ಸರಿ."

"ಅಂದ್ರ ನೀವು ಆ ಹುಡುಗಿ ಕಡೆ ಅಂದಂಗಾತು."

"ಆ ಕೋಣ್ಯಾಗ ಏನಾತು ನನಗ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಅಕಿಗೆ ಗೊತ್ತೈತಿ. ಅದನ್ನ ಹೇಳಾಕ ಅಕಿ ಇವತ್ತ ಬಸ್ ಹತ್ತಬೇಕು. ನನ್ನ ಫ್ಲೆಕ್ಸ್ ಅಡ್ಡ ನಿಂತೈತಿ."

ಗೊಬ್ಬರದ ಅಂಗಡಿಯ ಬಸವಣ್ಣೆಪ್ಪನವರು ಚಹಾ ಕುಡಿಯುತ್ತಿದ್ದರು. ಮೊದಲನೇ ಸಾಲಿನಲ್ಲಿ ಅವರ ಮುಖವೂ ಇತ್ತು. "ಲೇ ಸಿದ್ದ್ಯಾ, ನನ್ನನ್ನೂ ನೀ ಕೇಳಿಲ್ಲಲೇ," ಎಂದರು. "ನಿನ್ನೆ ಸಂಜಿಯಿಂದ ನನ್ನ ಹೇಣ್ತಿ ನನ್ನ ಊಟಕ್ಕ ಕರದಿಲ್ಲ. ಯಾಕಂತ ಈಗ ತಿಳೀತು ನೋಡು. ನಂದೂ ಇಳಸ್ರಿ ಸಾಬರ."

ಮತ್ತೆ ನಗು ಎದ್ದಿತು, ಈ ಸಲ ಸಿದ್ಧಲಿಂಗನನ್ನು ನೋಡಿ. ಇನ್ನೊಬ್ಬರು, "ನಂದಿರ್ಲಿ, ನಾ ಗೌರೀಶನ ಕಡೆನ," ಎಂದರು. ಉಳಿದವರು ತಮ್ಮ ಚಹಾದ ಕಡೆಗೆ ತಿರುಗಿದರು. ಸಿದ್ಧಲಿಂಗ ಮಾತ್ರ, "ಇನ್ನ ಮ್ಯಾಲೆ ನಮ್ಮ ಬಳಗದ ಒಂದ ಕೆಲಸಾನೂ ನಿಮ್ಮ ಕಡೆ ಬರಂಗಿಲ್ಲ, ನೆನಪಿಟ್ಕೋರ್ರಿ," ಎಂದ.

"ಇಟ್ಕೊಂಡೆ," ಎಂದು ರಹಿಮಾನಸಾಬರು ನಿಚ್ಚಣಿಕೆ ಹತ್ತಿದರು. ನೆಲ ಸಮ ಇರಲಿಲ್ಲ, ನಿಚ್ಚಣಿಕೆ ಅಲ್ಲಾಡುತ್ತಿತ್ತು. ಯಾರೂ ಹಿಡಿಯಲು ಮುಂದೆ ಬರಲಿಲ್ಲ. ನಾನೂ ಹೋಗಲಿಲ್ಲ. ಅದನ್ನು ಮುಚ್ಚಿಡಬಾರದೆಂದು ಬರೆದಿದ್ದೇನೆ.

ಎರಡನೇ ಮೊಳೆ ಕೀಳುವಾಗ ಮಡಿವಾಳೆಪ್ಪ ಪೇಟೆಯಿಂದ ಬಂದ. ಎಲ್ಲರೂ ಮೇಲೆ ನೋಡುತ್ತಿದ್ದರಿಂದ ಅವನೂ ನೋಡಿದ. ತನ್ನ ಮುಖ ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದ.

"ಇದನ್ನ ನನ್ನ ಮಗಳ ನೋಡ್ಯಾಳೇನ್ರಿ?"

"ನೋಡ್ಯಾಳ. ತಪ್ಪ ನಂದು ಮಡಿವಾಳೆಪ್ಪ. ನನ್ನ ಅಂಗಡ್ಯಾಗ ಕುಂತಾಳ."

ಮಡಿವಾಳೆಪ್ಪ ತಲೆಯ ಮೇಲಿನ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡ. ಎರಡೂ ಕೈಯಿಂದ ನಿಚ್ಚಣಿಕೆ ಗಟ್ಟಿಯಾಗಿ ಹಿಡಿದ. "ಇಳಸ್ರಿ ಸಾಬರ," ಎಂದ, ಆ ಕಡೆಯ ಅಂಗಡಿಗೂ ಕೇಳುವಷ್ಟು ಜೋರಾಗಿ. "ನಾ ಯಾವನ ಜೋಡೀನೂ ಇಲ್ಲ. ನಾ ನನ್ನ ಮಗಳ ಜೋಡಿ ಅದೇನಿ. ಬಾಯಿಲೆ ಹೇಳಾಕ ಬರ್ಲಿಲ್ಲ ನನಗ, ತಡಾ ಮಾಡಿದೆ."

ನಂದಾ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದಳು. ಅವಳು ರಸ್ತೆ ದಾಟಿ ಬರುವ ಹೊತ್ತಿಗೆ ಫ್ಲೆಕ್ಸ್ ಒಂದು ಕಡೆಯಿಂದ ಜಾರಿ ನೆಲಕ್ಕೆ ಬಿತ್ತು. ತಂದೆ ಅವಳ ಮುಖ ನೋಡದೆ, "ಕಾಗದಾ ಎಲ್ಲಾ ತಂದೀ?" ಎಂದು ಕೇಳಿದ. "ತಂದೇನಿ," ಎಂದಳು. "ನಡಿ ಹಂಗಾರ."

ಬಸ್ಸು ಬಂದಾಗ ಮಡಿವಾಳೆಪ್ಪ ಹಿಂದೆ ತಿರುಗಿ, "ನೀವೂ ಬರ್ರಲಾ ಸಾಬರ, ನನಗ ಕೋರ್ಟಿನ್ಯಾಗ ಯಾರ ಗುರ್ತಿಲ್ಲ," ಎಂದ. ರಹಿಮಾನಸಾಬರು ಅಂಗಡಿಯ ಬಾಗಿಲು ಎಳೆದು ಬಸ್ ಹತ್ತಿದರು.

ಸಿದ್ಧಲಿಂಗ ಹೇಳಿದಂತೆಯೇ ಮಾಡಿದ. ಈಗ ಅವರ ಅಂಗಡಿಗೆ ಬರುವ ಕೆಲಸ ಅರ್ಧದಷ್ಟೂ ಇಲ್ಲ. ಗೌರೀಶನ ಹೊಸ ಫ್ಲೆಕ್ಸ್ ಗದಗಿನಲ್ಲಿ ಮುದ್ರಣವಾಗಿ ಬಂದು ಅದೇ ಬಾಗಿಲಿಗೆ ಏರಿತು. ನಾನು ನಿಂತು ಎಣಿಸಿದೆ, ಮುಖಗಳು ಹನ್ನೊಂದು ಇದ್ದವು. ನಾನು ರಹಿಮಾನಸಾಬರನ್ನು ಮೆಚ್ಚುವುದು ಅವರು ತಪ್ಪು ಮಾಡದೆ ಇದ್ದುದಕ್ಕೆ ಅಲ್ಲ, ಮಾಡಿದ್ದರು. ಆ ತಪ್ಪನ್ನು ಹಗಲಿನಲ್ಲಿ, ಎಲ್ಲರ ಎದುರಿಗೆ, ತಮ್ಮ ಕೈಯಿಂದಲೇ ಕಿತ್ತು ಕೆಳಗಿಳಿಸಿದರು. ಅಷ್ಟು ದೊಡ್ಡ ಊರಿನಲ್ಲಿ ಆ ದಿನ ಅದನ್ನು ಮಾಡಿದವರು ಅವರೊಬ್ಬರೇ.

ನವಲಗುಂದದಲ್ಲಿ ನಡೆದದ್ದನ್ನು ರಹಿಮಾನಸಾಬರೇ ನನಗೆ ಹೇಳಿದರು. ಹನ್ನೊಂದೂಕಾಲಿಗೆ ನಂದಾಳನ್ನು ಒಳಗೆ ಕರೆದರು. ಬಾಗಿಲು ಮುಚ್ಚಿತು. ಮಡಿವಾಳೆಪ್ಪ ಕುಳಿತುಕೊಳ್ಳಲಿಲ್ಲ, ಅದಕ್ಕೆ ಇವರೂ ಕುಳಿತುಕೊಳ್ಳಲಿಲ್ಲ. ಒಂದು ತಾಸು ಇಪ್ಪತ್ತು ನಿಮಿಷ ಇಬ್ಬರೂ ಆ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತರು. ಆಮೇಲೆ ಅವಳು ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದವು, ದನಿ ಸರಿಯಾಗಿತ್ತು.

"ಎಲ್ಲಾ ಹೇಳಿದೆ ಅಪ್ಪಾ," ಎಂದಳು. "ಏನೂ ಬಿಡಲಿಲ್ಲ. ಸಹಿನೂ ಮಾಡಿದೆ."

ಮಡಿವಾಳೆಪ್ಪ ಮಗಳ ಕೈಯಲ್ಲಿದ್ದ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ.